ಮೈಮರೆಯುವ ಮುನ್ನ ಒಲೆ ಆರಿಸಿ

ಧನುರ್ಮಾಸದ ನಸುಕಿನಲ್ಲಿ ಅಂಗಳ ಸಾರಿಸಿ ಚುಕ್ಕಿ ಇಡುತ್ತಿದ್ದ ಅಮ್ಮಂದಿರನ್ನು ನೋಡಿ ಬೆಳೆದವರಿಗೆ ಈ ಲೇಖನದ ಅರ್ಧ ವಿಷಯ ಆಗಲೇ ಗೊತ್ತಿದೆ. ಹದಿನೈದು ಚುಕ್ಕಿಯಿಂದ ಒಂದಕ್ಕೆ ಇಳಿಯುವ ದೊಡ್ಡ ರಂಗೋಲಿ. ಬೆರಳ ಸಂದಿಯಿಂದ ಇಳಿಯುವ ಪುಡಿಯ ಎಳೆ ಎಲ್ಲೂ ಕಡಿಯುವುದಿಲ್ಲ, ಎಲ್ಲೂ ದಪ್ಪವಾಗುವುದಿಲ್ಲ. ಹಾಲಿನವನು ಬಂದು ಎರಡು ಸಲ ಕೂಗಿದರೂ ನನ್ನ ಅಮ್ಮನಿಗೆ ಕೇಳಿಸುತ್ತಿರಲಿಲ್ಲ. ಕೊನೆಯ ಸುಳಿ ಮುಗಿಸಿ ಸೊಂಟ ನೆಟ್ಟಗೆ ಮಾಡಿದಾಗಲೇ "ಅಯ್ಯೋ, ಇಷ್ಟು ಹೊತ್ತಾಯ್ತಾ!" ಎನ್ನುತ್ತಿದ್ದಳು. ಎದುರುಮನೆಯ ಅಜ್ಜಿ ಮೆಚ್ಚಿ ಹೇಳುತ್ತಿದ್ದರು: "ಎಷ್ಟು ಮೈಮರೆತು ಹಾಕಿದ್ದೀಯೇ!"

ಅದೇ ಮಾತು ಬೇರೆ ಅರ್ಥದಲ್ಲಿ ನನ್ನ ಕಿವಿಗೆ ಬಿದ್ದದ್ದು ಬಹಳ ವರ್ಷಗಳ ನಂತರ. ಒಂದು ಸಂಜೆ ಹಾಲು ಕಾಯಲಿಟ್ಟು, ಎರಡು ಸಾಲು ತಿದ್ದಿ ಬರೋಣವೆಂದು ಬರವಣಿಗೆಯ ಮುಂದೆ ಕುಳಿತೆ. ಬಹಳ ದಿನದಿಂದ ದಾರಿ ಬಿಡದಿದ್ದ ಲೇಖನ ಅಂದು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಪಕ್ಕದ ಮನೆಯವರು ಬಾಗಿಲು ಬಡಿದಾಗಲೇ ನನಗೆ ಎಚ್ಚರ. ಹಾಲು ಉಕ್ಕಿ ಒಲೆ ಆರಿತ್ತು, ಗ್ಯಾಸ್ ಸೋರಿ ವಾಸನೆ ಮೆಟ್ಟಿಲವರೆಗೂ ಹಬ್ಬಿತ್ತು. ಒಳಕೋಣೆಯಲ್ಲಿ ಅತ್ತೆ ಮಲಗಿದ್ದರು. ಕಿಟಕಿಗಳನ್ನೆಲ್ಲ ತೆರೆದ ಮೇಲೆ ಅವರು ಮೆಲ್ಲಗೆ ಹೇಳಿದ್ದು ಇಷ್ಟೇ: "ಹೀಗೆ ಮೈಮರೆತರೆ ಹೇಗಮ್ಮಾ?"

ತನ್ಮಯತೆಗೂ ಅಜಾಗರೂಕತೆಗೂ ಕನ್ನಡದಲ್ಲಿ ಒಂದೇ ಪದ ಇರುವುದು ಆಕಸ್ಮಿಕವಲ್ಲ ಎಂದು ನನಗೆ ಅನ್ನಿಸಿದ್ದು ಅಂದೇ. ಮನಶ್ಶಾಸ್ತ್ರಜ್ಞರು ಐದು ದಶಕಗಳಿಂದ 'ಫ್ಲೋ' ಎಂದು ಕರೆದು ಅಧ್ಯಯನ ಮಾಡುತ್ತಿರುವ ಸ್ಥಿತಿ ಇದೇ. ಅದರ ಲಾಭ ಮತ್ತು ಅಪಾಯ ಎರಡಕ್ಕೂ ಬೇರು ಒಂದೇ: ನಮ್ಮನ್ನು ನಾವೇ ಕಾಯುವ ಮನಸ್ಸಿನ ಕಾವಲುಗಾರ ಸ್ವಲ್ಪ ಹೊತ್ತು ಕೆಲಸ ಬಿಟ್ಟು ಹೋಗಿರುತ್ತಾನೆ. ಆದ್ದರಿಂದ ಒಳಗೆ ಹೋಗುವ ಮೊದಲೇ ಹೊರಗೊಂದು ಕಾವಲು ಇಡುವುದನ್ನು ಕಲಿತರೆ, ಈ ಸ್ಥಿತಿಯ ಸಂಪತ್ತನ್ನು ನಿರ್ಭಯವಾಗಿ ಅನುಭವಿಸಬಹುದು.

ಹರಿವು ಎಂಬ ಹೆಸರು

ಈ ಸ್ಥಿತಿಗೆ ಹೆಸರಿಟ್ಟವರು ಮಿಹಾಯ್ ಚೀಕ್‌ಸೆಂಟ್‌ಮಿಹಾಯ್. ಹಂಗೇರಿಯನ್ ಕುಟುಂಬದ ಅವರು ಹುಟ್ಟಿದ್ದು 1934ರಲ್ಲಿ, ಆಗ ಇಟಲಿಗೆ ಸೇರಿದ್ದ, ಈಗ ಕ್ರೊಯೇಷಿಯಾದಲ್ಲಿರುವ ಬಂದರು ನಗರದಲ್ಲಿ. ಎರಡನೇ ಮಹಾಯುದ್ಧ ತನ್ನ ಸುತ್ತಲಿನ ಹಿರಿಯರ ಬದುಕನ್ನು ಹೇಗೆ ಮುರಿಯಿತೆಂದು ಬಾಲ್ಯದಲ್ಲೇ ಕಂಡವರು. ಎಲ್ಲ ಕಳೆದುಕೊಂಡ ಮೇಲೂ ಬದುಕು ಬದುಕಲು ಯೋಗ್ಯ ಎನ್ನಿಸುವುದು ಯಾವುದರಿಂದ ಎಂಬ ಪ್ರಶ್ನೆ ಅವರನ್ನು ಅಮೆರಿಕಕ್ಕೆ, ಮನಶ್ಶಾಸ್ತ್ರದ ಓದಿಗೆ ಕರೆದೊಯ್ಯಿತು.

1960ರ ದಶಕದಲ್ಲಿ ಶಿಕಾಗೊದಲ್ಲಿ ಚಿತ್ರಕಲೆಯ ವಿದ್ಯಾರ್ಥಿಗಳನ್ನು ಗಮನಿಸುತ್ತಿದ್ದಾಗ ಅವರಿಗೊಂದು ಸಂಗತಿ ಕಂಡಿತು. ಚಿತ್ರ ಸರಿಯಾಗಿ ಸಾಗುತ್ತಿದ್ದರೆ ಕಲಾವಿದರು ಹಸಿವು, ದಣಿವು ಮರೆತು ಅದರಲ್ಲೇ ಇರುತ್ತಿದ್ದರು. ಮುಗಿದ ಮೇಲೆ ಅದನ್ನು ಗೋಡೆಗೆ ಒರಗಿಸಿ ಮುಂದಿನದಕ್ಕೆ ಹೋಗುತ್ತಿದ್ದರು. ಹಾಗಾದರೆ ಅವರನ್ನು ಹಿಡಿದಿಟ್ಟದ್ದು ಚಿತ್ರವಲ್ಲ, ಚಿತ್ರಿಸುವ ಕ್ರಿಯೆ. ಬಂಡೆ ಹತ್ತುವವರು, ಚೆಸ್ ಆಡುವವರು, ಶಸ್ತ್ರಚಿಕಿತ್ಸಕರು, ನೃತ್ಯಗಾರರು ಎಲ್ಲರನ್ನೂ ಮಾತಾಡಿಸಿದಾಗ ಕೇಳಿಬಂದ ವರ್ಣನೆ ಹೆಚ್ಚುಕಡಿಮೆ ಒಂದೇ ಆಗಿತ್ತು. ನೀರಿನ ಹರಿವು ತಮ್ಮನ್ನು ಹೊತ್ತೊಯ್ದಂತೆ ಎಂದು ಅನೇಕರು ಹೇಳಿದ್ದರಿಂದ 'ಫ್ಲೋ', ಅಂದರೆ ಹರಿವು, ಎಂಬ ಹೆಸರೇ ನಿಂತಿತು. 1975ರಲ್ಲಿ ಈ ಕುರಿತ ಅವರ ಮೊದಲ ಪುಸ್ತಕ ಬಂತು. 1990ರ 'ಫ್ಲೋ' ಪುಸ್ತಕ ವಿಷಯವನ್ನು ಜಗತ್ತಿನ ಸಾಮಾನ್ಯ ಓದುಗರಿಗೆ ತಲುಪಿಸಿತು. 2021ರಲ್ಲಿ ಅವರು ತೀರಿಕೊಂಡರು.

ಹರಿವಿನಲ್ಲಿರುವಾಗ ಮಿದುಳಿನಲ್ಲಿ ಏನಾಗುತ್ತದೆ ಎನ್ನುವುದು ಇನ್ನೂ ಚರ್ಚೆಯಲ್ಲಿದೆ. ಹಣೆಯ ಹಿಂದಿನ ಮಿದುಳಿನ ಭಾಗ, ಅಂದರೆ ನಮ್ಮನ್ನು ನಾವು ಅಳೆಯುವ, ಯೋಜಿಸುವ, ತಪ್ಪು ಹಿಡಿಯುವ ಕೆಲಸಕ್ಕೆ ಸಂಬಂಧಿಸಿದ ಭಾಗ, ತಾತ್ಕಾಲಿಕವಾಗಿ ತಣ್ಣಗಾಗುತ್ತದೆ ಎಂಬುದು ಆರ್ನೆ ಡೀಟ್ರಿಶ್ ಎಂಬ ನರವಿಜ್ಞಾನಿ 2000ದ ದಶಕದ ಆರಂಭದಲ್ಲಿ ಮುಂದಿಟ್ಟ ಊಹೆ. ಅದು ಸಿದ್ಧವಾದ ಸತ್ಯವಲ್ಲ. ಆದರೆ ಅನುಭವಸ್ಥರು ಹೇಳುವುದಕ್ಕೆ ಅದು ಹೊಂದುತ್ತದೆ.

ಹದ ಎಲ್ಲಿದೆ?

ತಲ್ಲೀನತೆ ವರವಾಗಿ ಬರುವುದಲ್ಲ. ಅದಕ್ಕೆ ಮೂರು ಷರತ್ತುಗಳಿವೆ. ಮೂರೂ ರಂಗೋಲಿಯಲ್ಲಿವೆ.

ಮೊದಲನೆಯದು, ಮುಂದಿನ ಹೆಜ್ಜೆ ಯಾವುದೆಂದು ಗೊತ್ತಿರಬೇಕು. ಈ ಚುಕ್ಕಿಯ ನಂತರ ಎಳೆ ಯಾವ ಕಡೆ ತಿರುಗಬೇಕು ಎಂಬುದರಲ್ಲಿ ಅಮ್ಮನಿಗೆ ಗೊಂದಲವಿರಲಿಲ್ಲ. ಎರಡನೆಯದು, ಮಾಡಿದ್ದು ಸರಿಯೋ ತಪ್ಪೋ ಆ ಕ್ಷಣವೇ ಕಾಣಬೇಕು. ಎಳೆ ಸೊಟ್ಟಗಾದರೆ ನೆಲವೇ ಹೇಳುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಕೆಲಸದ ಕಷ್ಟ ಮತ್ತು ಕೈಯ ಪಳಗುವಿಕೆ ಸರಿಸಮ ಇರಬೇಕು. ಮೂವತ್ತು ವರ್ಷ ರಂಗೋಲಿ ಹಾಕಿದವರಿಗೆ ಐದು ಚುಕ್ಕಿಯ ಹೂವು ಬೇಸರ. ನಿನ್ನೆ ಪುಡಿ ಹಿಡಿದ ಹುಡುಗಿಗೆ ಇಪ್ಪತ್ತೊಂದು ಚುಕ್ಕಿ ಕೊಟ್ಟರೆ ಗಾಬರಿ. ಬೇಸರಕ್ಕೂ ಗಾಬರಿಗೂ ನಡುವಿನ ಕಿರಿದಾದ ದಾರಿಯೇ ಹದ. ಕೈ ಪಳಗಿದಂತೆ ಚುಕ್ಕಿಯ ಲೆಕ್ಕವೂ ಏರಬೇಕು, ಇಲ್ಲವಾದರೆ ಹದ ತಪ್ಪುತ್ತದೆ.

ಕೈಗೆ ಸಿಗುವುದೇನು?

*ಕಲಿಕೆ.* ಹದ ಉಳಿಸಿಕೊಳ್ಳಲು ಪ್ರತಿ ಸಲವೂ ಸ್ವಲ್ಪ ಕಠಿಣವಾದದ್ದನ್ನು ಹುಡುಕಲೇಬೇಕು. ಯಾರೂ ಬೆನ್ನಟ್ಟದೆಯೇ ಮನುಷ್ಯ ಬೆಳೆಯುತ್ತಾನೆ. ಬಹುಮಾನ, ಅಂಕ, ಹೊಗಳಿಕೆ ಸಿಗದಿದ್ದರೂ ಮತ್ತೆ ಮತ್ತೆ ಅದೇ ಕೆಲಸಕ್ಕೆ ಮರಳುವ ಆಸೆ ಉಳಿಯುತ್ತದೆ.

*ಒಳಗಿನ ಗಲಾಟೆಯಿಂದ ಬಿಡುಗಡೆ.* 'ಅವರು ಏನಂದುಕೊಂಡರೋ', 'ನಾಳೆ ಏನಾಗುವುದೋ' ಎಂದು ದಿನವಿಡೀ ಕೊರೆಯುವ ದನಿ ಆ ಹೊತ್ತು ಸುಮ್ಮನಾಗುತ್ತದೆ. ಇಡೀ ಗಮನ ಕೆಲಸಕ್ಕೆ ಖರ್ಚಾದಾಗ ಚಿಂತೆಗೆ ಉಳಿಯುವುದಿಲ್ಲ. ತಲ್ಲೀನತೆಯ ನಡುವೆ 'ನಾನು ಸುಖವಾಗಿದ್ದೇನೆ' ಎಂದು ಅನ್ನಿಸಲೂ ಪುರುಸೊತ್ತಿರುವುದಿಲ್ಲ. ಸಂತೋಷ ತಿಳಿಯುವುದು ಎದ್ದ ಮೇಲೆ.

*ಕೂಡಿ ಮಾಡುವ ಸುಖ.* ಭಾಗವತರ ಪದ, ಮದ್ದಳೆಯ ಪೆಟ್ಟು, ವೇಷಧಾರಿಯ ಹೆಜ್ಜೆ ಮೂರೂ ಒಂದಾದ ರಾತ್ರಿಗಳನ್ನು ಯಕ್ಷಗಾನ ಬಲ್ಲವರು ವರ್ಷಗಟ್ಟಲೆ ನೆನೆಯುತ್ತಾರೆ. ಹಿಮ್ಮೇಳದಲ್ಲಿ ಒಬ್ಬರು ಇನ್ನೊಬ್ಬರನ್ನು ಆಲಿಸುತ್ತಾ ಸಾಗುವಾಗ ಬರುವ ತಲ್ಲೀನತೆ ಒಬ್ಬೊಬ್ಬರೇ ಇದ್ದಾಗಿನದಕ್ಕಿಂತ ಬೇರೆಯೇ ಬಗೆಯದು.

*ದುಡಿಮೆಯ ಬಗ್ಗೆ ಹೊಸ ನೋಟ.* ಚೀಕ್‌ಸೆಂಟ್‌ಮಿಹಾಯ್ ಜನರಿಗೆ ಪೇಜರ್ ಕೊಟ್ಟು, ದಿನದಲ್ಲಿ ಹಲವು ಸಲ ಅದು ಸದ್ದು ಮಾಡಿದಾಗ ಏನು ಮಾಡುತ್ತಿದ್ದೀರಿ, ಹೇಗನ್ನಿಸುತ್ತಿದೆ ಎಂದು ಬರೆಸಿಕೊಳ್ಳುತ್ತಿದ್ದರು. ಅವರೂ ಜುಡಿತ್ ಲಫೆವ್ರ್ ಅವರೂ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕುತೂಹಲದ ಫಲ ಬಂತು. ಜನ ಈ ಸ್ಥಿತಿಯನ್ನು ಬಿಡುವಿನಲ್ಲಿದ್ದಾಗಿನದಕ್ಕಿಂತ ಕೆಲಸದಲ್ಲಿದ್ದಾಗಲೇ ಹೆಚ್ಚು ಅನುಭವಿಸಿದ್ದರು. ಆದರೂ ಕೆಲಸದಲ್ಲಿದ್ದಾಗ ಬೇರೇನಾದರೂ ಮಾಡುತ್ತಿದ್ದರೆ ಚೆನ್ನಿತ್ತು ಎಂದು ಬಯಸುತ್ತಿದ್ದರು. ನಮಗೆ ನಿಜಕ್ಕೂ ಹಿತ ಕೊಡುವುದೇ ಬೇರೆ, ಹಿತವೆಂದು ನಾವು ಭಾವಿಸುವುದೇ ಬೇರೆ.

ಅಪಾಯ ಎಲ್ಲೆಲ್ಲಿ?

*ದೇಹ ಕಳಿಸುವ ಸುದ್ದಿ ತಲುಪುವುದಿಲ್ಲ.* ಬಾಯಾರಿಕೆ, ಕಟ್ಟಿದ ಮೂತ್ರ, ಜೋಮು ಹಿಡಿದ ಕಾಲು, ಉರಿಯುವ ಕಣ್ಣು ಯಾವುದೂ ಗಮನಕ್ಕೆ ಬರುವುದಿಲ್ಲ. ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದೇ ಕಡಿಮೆಯಾಗುವುದರಿಂದ ಕಣ್ಣು ಒಣಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಹೊತ್ತು ಮರೆತರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಕೈತಪ್ಪಿದರೆ ಗಾಯವಾಗುವ ಕೆಲಸಗಳಲ್ಲಿ, ಲೇತ್ ಇರಲಿ, ಗರಗಸ ಇರಲಿ, ಅಡಿಕೆ ಮರ ಇರಲಿ, ದಣಿವು ತಿಳಿಯದೆ ಮುಂದುವರಿಯುವುದೇ ಮೊದಲ ಅಪಾಯ.

*ಧೈರ್ಯ ಕೌಶಲಕ್ಕಿಂತ ಮುಂದೆ ಓಡುತ್ತದೆ.* ಬಂಡೆ ಹತ್ತುವವರ ಮತ್ತು ನದಿಯಲ್ಲಿ ಕಯಾಕ್ ನಡೆಸುವವರ ಮೇಲೆ ಜೂಲಿಯಾ ಶ್ಯೂಲರ್ ಮತ್ತು ಜೀನ್ ನಕಮುರಾ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ತಲ್ಲೀನತೆ 'ನನ್ನಿಂದಾಗುತ್ತದೆ' ಎಂಬ ನಂಬಿಕೆಯನ್ನು ಬೆಳೆಸುತ್ತದೆ, ಅನುಭವ ಕಡಿಮೆ ಇರುವವರಲ್ಲಿ ಆ ನಂಬಿಕೆ ಅಪಾಯದ ಅರಿವನ್ನು ಮಂಕಾಗಿಸುತ್ತದೆ. ಘಾಟಿಯ ತಿರುವುಗಳಲ್ಲಿ ಬೈಕ್ ಓಡಿಸುತ್ತಾ 'ಇವತ್ತು ಕೈ ಚೆನ್ನಾಗಿ ಬರ್ತಿದೆ' ಎನ್ನುವ ಹುಡುಗರ ಮನೆಯವರು ಇದನ್ನು ಅವರಿಗೆ ತಿಳಿಸಿ ಹೇಳಬೇಕು.

*ಹರಿವು ಸೆರೆಯಾಗುತ್ತದೆ.* ದೈತ್ಯ ಅಲೆಗಳ ಮೇಲೆ ಸರ್ಫಿಂಗ್ ಮಾಡುವವರನ್ನು ಮಾತಾಡಿಸಿದ 2009ರ ಒಂದು ಅಧ್ಯಯನದಲ್ಲಿ ಚಟದ ಲಕ್ಷಣಗಳು ಕಂಡವು. ಗಾಯ, ಸಂಸಾರ, ಕೆಲಸ ಎಲ್ಲವನ್ನೂ ಬದಿಗಿಟ್ಟು ಅವರು ಅಲೆಗೆ ಮರಳುತ್ತಿದ್ದರು. ಇನ್ನೂ ಕಠೋರ ಚಿತ್ರ ಲಾಸ್ ವೇಗಸ್‌ನದು. ಮಾನವಶಾಸ್ತ್ರಜ್ಞೆ ನತಾಶಾ ಡೌ ಶುಲ್ ಅಲ್ಲಿನ ಜೂಜು ಯಂತ್ರಗಳ ಮುಂದೆ ಕೂತವರನ್ನು ವರ್ಷಗಳ ಕಾಲ ಅಧ್ಯಯನ ಮಾಡಿ 2012ರಲ್ಲಿ ಬರೆದ ಪುಸ್ತಕದಲ್ಲಿ, ಅವರಲ್ಲಿ ಹಲವರು ಗೆಲ್ಲಲು ಆಡುತ್ತಿರಲಿಲ್ಲ, ಆ ಮರವೆಯಲ್ಲೇ ಉಳಿಯಲು ಆಡುತ್ತಿದ್ದರು ಎಂಬುದನ್ನು ದಾಖಲಿಸಿದ್ದಾರೆ. ಅಲ್ಲಿ ಕುರ್ಚಿ, ಬೆಳಕು, ಯಂತ್ರದ ವೇಗ ಎಲ್ಲವನ್ನೂ ಎದ್ದುಹೋಗದಂತೆ ರೂಪಿಸಲಾಗಿತ್ತು. ಕೆನಡಾದ ಸಂಶೋಧಕರು ಇಂಥ ಸ್ಥಿತಿಗೆ 'ಕತ್ತಲ ಹರಿವು' ಎಂಬ ಅರ್ಥದ ಹೆಸರಿಟ್ಟಿದ್ದಾರೆ.

ನಮ್ಮ ಅಂಗೈಯಲ್ಲಿರುವ ಫೋನಿನ ಅನೇಕ ಆಟಗಳೂ ಇದೇ ಹದವನ್ನು ಲೆಕ್ಕ ಹಾಕಿ ಕಟ್ಟಿದವು. ಗುರಿ ಸ್ಪಷ್ಟ, ಫಲ ತಕ್ಷಣ, ಕಷ್ಟ ಮೆಲ್ಲಗೆ ಏರುತ್ತದೆ. ರಂಗೋಲಿಗೂ ಅದಕ್ಕೂ ಇರುವ ವ್ಯತ್ಯಾಸ ಒಂದೇ: ರಂಗೋಲಿಗೆ ಕೊನೆಯ ಚುಕ್ಕಿ ಇದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಕಾಯ್ದೆಯ ಮೂಲಕ ನಿಷೇಧಿಸಿದ್ದರ ಹಿಂದೆ, ಮನೆಗಳು ಮುರಿದ ಹಲವು ಕಥೆಗಳಿವೆ.

*ಹಿತವಾದದ್ದೆಲ್ಲ ಪ್ರಗತಿಯಲ್ಲ.* ಪರಿಣತಿಯ ಕುರಿತು ಜೀವನವಿಡೀ ಸಂಶೋಧಿಸಿದ ಆಂಡರ್ಸ್ ಎರಿಕ್ಸನ್, ಕೌಶಲ ಬೆಳೆಸುವ ಅಭ್ಯಾಸ ಶ್ರಮದಾಯಕವೇ ಹೊರತು ಹರಿವಿನಂತೆ ಸಲೀಸಲ್ಲ ಎಂದು ವಾದಿಸಿದ್ದರು. ಸಂಗೀತ ಕಲಿಯುವವರು ಬರುವ ರಾಗವನ್ನೇ ಗಂಟೆಗಟ್ಟಲೆ ಹಾಡಿ ಸಂತೋಷಪಡಬಹುದು, ಬಾರದ ತಾನ ಅಲ್ಲೇ ಉಳಿಯುತ್ತದೆ. ಸಿಇಟಿಗೆ ಓದುವ ಮಕ್ಕಳು ಬಿಡಿಸಲು ಬರುವ ಲೆಕ್ಕಗಳಲ್ಲೇ ಮೈಮರೆತು ದಿನ ಕಳೆಯಬಹುದು. ತಡವರಿಸುತ್ತಾ ಕಲಿಯುವ ಹೊತ್ತನ್ನೂ ದಿನಚರಿಯಲ್ಲಿ ಬೇರೆಯಾಗಿ ಇಡಬೇಕು. ಹಾಗೆಯೇ, ಹರಿವಿನಲ್ಲಿ ಬರೆದದ್ದೆಲ್ಲ ಅದ್ಭುತ ಎಂದು ರಾತ್ರಿ ಅನ್ನಿಸುತ್ತದೆ. ಬೆಳಿಗ್ಗೆ ಓದಿಯೇ ತೀರ್ಮಾನಿಸಬೇಕು.

*ಏಕೆ ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ.* ಹೇಗೆ ಮಾಡುವುದು ಎಂಬುದರಲ್ಲಿ ಮುಳುಗಿದವರಿಗೆ ಏಕೆ ಮಾಡುತ್ತಿದ್ದೇವೆ ಎಂಬುದು ಕಾಣದಾಗಬಹುದು. ತಾಂತ್ರಿಕವಾಗಿ ಸೊಗಸಾದದ್ದು ಕಂಡರೆ ಮೊದಲು ಮಾಡಿಬಿಡುತ್ತೇವೆ, ಅದನ್ನೇನು ಮಾಡುವುದೆಂಬ ವಾದವೆಲ್ಲ ಯಶಸ್ಸಿನ ನಂತರ ಎಂಬ ಅರ್ಥದ ಮಾತನ್ನು ಅಣುಬಾಂಬಿನ ವಿಜ್ಞಾನಿ ರಾಬರ್ಟ್ ಒಪನ್‌ಹೈಮರ್ 1954ರ ವಿಚಾರಣೆಯಲ್ಲಿ ಆಡಿದ್ದರು. ಹರಿವು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ಬಳಸುವ ಗುರಿಯ ಮೇಲೆ ನಿಂತಿದೆ ಎಂದು ಸ್ವತಃ ಚೀಕ್‌ಸೆಂಟ್‌ಮಿಹಾಯ್ ಎಚ್ಚರಿಸಿದ್ದರು. ನಮ್ಮ ಮಟ್ಟದಲ್ಲಿ ಇದು ಇನ್ನೊಂದು ರೂಪದಲ್ಲಿ ಬರುತ್ತದೆ. ಕೆಲಸದಲ್ಲಿ ಮುಳುಗುವ ಉದ್ಯೋಗಿಯ ಮೇಲೆ ಇನ್ನಷ್ಟು ಕೆಲಸ ಬೀಳುತ್ತದೆ. ಮನೆಯವರ ಪಾಲಿನ ಹೊತ್ತು ಮೌನವಾಗಿ ಕರಗುತ್ತದೆ.

ಒಳಗೆ ಹೋಗುವ ದಾರಿ

ತಲ್ಲೀನತೆಯನ್ನು ಎಳೆದು ತರಲಾಗದು. ಬರಲು ಜಾಗ ಮಾಡಿಕೊಡಬಹುದು.

1. ಒಂದೇ ಕೆಲಸ ಆರಿಸಿ, ಅದನ್ನು ಒಂದು ಸಾಲಿನಲ್ಲಿ ಬರೆದಿಡಿ. 'ಪ್ರಬಂಧ ಬರೆಯುವುದು' ಎಂದರೆ ಸಾಲದು. 'ಮೊದಲ ಎರಡು ಪುಟದ ಕರಡು' ಎಂದರೆ ಮನಸ್ಸಿಗೆ ಹಿಡಿ ಸಿಗುತ್ತದೆ.

2. ಕಷ್ಟವನ್ನು ಅಳೆದು ನೋಡಿ. ಬೇಸರ ಬಂದರೆ ಒಂದು ಚುಕ್ಕಿ ಏರಿಸಿ: ಸಮಯ ಕಡಿಮೆ ಮಾಡಿ, ಗುಣಮಟ್ಟ ಹೆಚ್ಚಿಸಿ. ಗಾಬರಿಯಾದರೆ ಕೆಲಸವನ್ನು ತುಂಡು ಮಾಡಿ, ಅಥವಾ ಬಲ್ಲವರಿಂದ ಒಂದು ಹೆಜ್ಜೆ ಕೇಳಿಕೊಳ್ಳಿ.

3. ಫೋನನ್ನು ಇನ್ನೊಂದು ಕೋಣೆಯಲ್ಲಿಡಿ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಅಂಶ ಹಳೆಯದಕ್ಕೇ ಅಂಟಿಕೊಂಡಿರುತ್ತದೆ ಎಂದು ಸೋಫಿ ಲರಾಯ್ 2009ರಲ್ಲಿ ತೋರಿಸಿದರು. ಒಂದು ಸಂದೇಶ ನೋಡಲು ಅರೆ ನಿಮಿಷ ಸಾಕು, ಮನಸ್ಸು ಹಿಂದಿರುಗಲು ಅಷ್ಟು ಸಾಲದು.

4. ಪ್ರತಿದಿನ ಒಂದೇ ಹೊತ್ತು, ಒಂದೇ ಜಾಗ ಇಟ್ಟುಕೊಳ್ಳಿ. ಮೊದಲ ಹತ್ತು ಹದಿನೈದು ನಿಮಿಷ ಮನಸ್ಸು ಒದ್ದಾಡುವುದು ಸಹಜ. ಅದನ್ನು ಸೋಲೆಂದು ಎದ್ದುಹೋಗಬೇಡಿ.

5. ಮಾಡಿದ್ದು ಸರಿಯೋ ಅಲ್ಲವೋ ತಿಳಿಯುವ ಉಪಾಯ ಹತ್ತಿರವಿರಲಿ. ಹಾಡುವವರಿಗೆ ಶ್ರುತಿಪೆಟ್ಟಿಗೆ, ಲೆಕ್ಕ ಬಿಡಿಸುವವರಿಗೆ ಉತ್ತರ, ಹೊಲಿಯುವವರಿಗೆ ಅಳತೆಯ ಪಟ್ಟಿ.

ಹೊರಬರುವ ದಾರಿ

ಇದನ್ನು ಕಲಿಸುವವರು ಕಡಿಮೆ. ಆದರೆ ಅರ್ಧಕ್ಕಿಂತ ಹೆಚ್ಚಿನ ಸುರಕ್ಷೆ ಇರುವುದು ಇಲ್ಲಿಯೇ. 'ಸಾಕು ಅನ್ನಿಸಿದಾಗ ಏಳುತ್ತೇನೆ' ಎಂಬ ಮಾತು ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಸಾಕು ಅನ್ನಿಸಬೇಕಾದ ಮನಸ್ಸೇ ಆಗ ರಜೆಯಲ್ಲಿರುತ್ತದೆ. ನಿರ್ಧಾರವನ್ನು ಕೂರುವ ಮೊದಲೇ ಮಾಡಬೇಕು.

1. ಕೂರುವ ಮುನ್ನ ಒಂದು ಸುತ್ತು ಬನ್ನಿ: ಒಲೆ, ನಲ್ಲಿ, ಬಾಗಿಲು, ಮಾತ್ರೆ, ಮಗು. ಈ ಐದನ್ನು ಬಾಯಲ್ಲಿ ಎಣಿಸಿಕೊಳ್ಳಿ.

2. ಅಲಾರಂ ಇಡಿ, ಆದರೆ ಕೈಗೆಟುಕದಷ್ಟು ದೂರದಲ್ಲಿ. ಎದ್ದು ಹೋಗಿ ನಿಲ್ಲಿಸಬೇಕು. ಒಂದು ಗಂಟೆಗೊಮ್ಮೆ ಆದರೆ ಹೆಚ್ಚಿನವರಿಗೆ ಸರಿಹೊಂದುತ್ತದೆ.

3. ಪರದೆಯ ಕೆಲಸವಾದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿ. ಇದು ಕಣ್ಣಿನ ವೈದ್ಯರು ಹೇಳುವ ಸರಳ ಲೆಕ್ಕ.

4. ಒಂದು ತಂಬಿಗೆ ನೀರು ಪಕ್ಕದಲ್ಲಿರಲಿ. ಅದು ಖಾಲಿಯಾಗುವುದೂ ಒಂದು ಗಡಿಯಾರವೇ.

5. ಮನೆಯವರೊಬ್ಬರಿಗೆ ಹೇಳಿಡಿ: "ಎಂಟು ಗಂಟೆಗೆ ಬಂದು ಭುಜ ತಟ್ಟಿ, ನಾನು ರೇಗಿದರೂ ಬಿಡಬೇಡಿ." ರೇಗುವುದಿಲ್ಲ ಎಂಬ ಮಾತೂ ನಿಮ್ಮ ಕಡೆಯಿಂದ ಇರಲಿ.

6. ಏಳುವಾಗ ಮುಂದಿನ ಹೆಜ್ಜೆಯನ್ನು ಚೀಟಿಯಲ್ಲಿ ಬರೆದಿಡಿ. ಎಳೆ ಎಲ್ಲಿಗೆ ನಿಂತಿದೆ ಎಂದು ಗೊತ್ತಿದ್ದರೆ ಮನಸ್ಸು ನಿಶ್ಚಿಂತೆಯಿಂದ ಏಳುತ್ತದೆ, ನಾಳೆ ಸಲೀಸಾಗಿ ಕೂರುತ್ತದೆ.

7. ಅಪಾಯದ ಕೆಲಸದಲ್ಲಿ ನಿಲ್ಲಿಸುವ ಮಿತಿಯನ್ನು ಮನಸ್ಸಿಗೆ ಬಿಡಬೇಡಿ, ನೆಲದ ಮೇಲೆ ನಿಂತ ಇನ್ನೊಬ್ಬರಿಗೆ ಒಪ್ಪಿಸಿ. ಬಂಡೆ ಹತ್ತುವವರ ಹಗ್ಗ ಹಿಡಿಯುವ ಜೊತೆಗಾರ ಇರುವುದು ಇದಕ್ಕಾಗಿಯೇ.

ಹಿತವೋ, ಚಟವೋ? ಕೇಳಿಕೊಳ್ಳಿ

ಎದ್ದ ಮೇಲೆ ಮನಸ್ಸು ಹಗುರವಾಗಿದೆಯೇ, ಅಥವಾ ಖಾಲಿ ಅನ್ನಿಸುತ್ತಿದೆಯೇ? ತಿಂಗಳ ಹಿಂದಿನದಕ್ಕಿಂತ ಕೈ ಪಳಗಿದೆಯೇ, ಅಥವಾ ಗಂಟೆಗಳು ಮಾತ್ರ ಹೆಚ್ಚಾಗಿವೆಯೇ? ಬೇಕೆಂದಾಗ ಎರಡು ದಿನ ಬಿಡಬಲ್ಲೆನೇ? ಎಷ್ಟು ಹೊತ್ತು ಕೂತೆ, ಎಷ್ಟು ದುಡ್ಡು ಹೋಯಿತು ಎಂಬುದನ್ನು ಮನೆಯವರಿಂದ ಮುಚ್ಚಿಡುತ್ತಿದ್ದೇನೆಯೇ? ಬದುಕಿನ ಕಷ್ಟವೊಂದನ್ನು ಎದುರಿಸಲಾಗದೆ ಇದರೊಳಗೆ ಅಡಗುತ್ತಿದ್ದೇನೆಯೇ? ಕೊನೆಯ ಎರಡಕ್ಕೆ ಉತ್ತರ 'ಹೌದು' ಆದರೆ ಯಾರೊಂದಿಗಾದರೂ ಮಾತಾಡುವ ಹೊತ್ತು ಬಂದಿದೆ.

ಪರದೆಯ ಆಟದ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿ ಕಂಡರೂ ಮುಂದುವರಿಸುವುದು. ಈ ಮೂರು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಕಂಡುಬಂದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಗೇಮಿಂಗ್ ವ್ಯಾಧಿ ಎಂದು ಗುರುತಿಸುತ್ತದೆ. 2022ರಿಂದ ಜಾರಿಯಲ್ಲಿರುವ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಇದು ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ತಂತ್ರಜ್ಞಾನದ ಚಟಕ್ಕೆಂದೇ 'ಶಟ್' ಎಂಬ ಚಿಕಿತ್ಸಾ ಸೇವೆ ನಡೆಯುತ್ತಿದೆ. ದೂರದ ಊರಿನವರು ಕೇಂದ್ರ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು. ಮಗುವಿನ ಕೈಯಿಂದ ಫೋನ್ ಕಿತ್ತೆಸೆಯುವ ಮೊದಲು, ಅದರಿಂದ ಮಗುವಿಗೆ ಸಿಗುತ್ತಿದ್ದ ಹದ ಮನೆಯಲ್ಲಿ, ಶಾಲೆಯಲ್ಲಿ, ಮೈದಾನದಲ್ಲಿ ಏಕೆ ಸಿಗುತ್ತಿಲ್ಲ ಎಂದು ಯೋಚಿಸಿ. ಕಿತ್ತುಕೊಂಡ ಜಾಗಕ್ಕೆ ಬೇರೊಂದನ್ನು ಕೊಟ್ಟರೆ ಮಾತ್ರ ಬಿಡುಗಡೆ ನಿಲ್ಲುತ್ತದೆ.

ಮೈಮರೆಯದೆ ಬದುಕುವುದು ಬೇಡ. ಒಂದು ಕೆಲಸದಲ್ಲಿ ಪೂರ್ತಿ ಮುಳುಗಿ ಎದ್ದ ಸಂಜೆಗೆ ಸಮನಾದ ಸಂಜೆ ನನಗೆ ಬೇರೆ ಗೊತ್ತಿಲ್ಲ. ಅಮ್ಮನಿಗೆ ಈಗ ಬಗ್ಗಿ ಹದಿನೈದು ಚುಕ್ಕಿ ಇಡಲು ಆಗುವುದಿಲ್ಲ. ಸ್ಟೂಲಿನ ಮೇಲೆ ಕೂತು ಏಳು ಚುಕ್ಕಿಯ ರಂಗೋಲಿಯನ್ನು ಸ್ಲೇಟಿನಲ್ಲಿ ಬಿಡಿಸಿ ಮೊಮ್ಮಗಳಿಗೆ ಕಲಿಸುತ್ತಾಳೆ. ಇಬ್ಬರಿಗೂ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ಊಟಕ್ಕೆ ಕರೆಯುವ ಕೆಲಸ ನನ್ನದು. ನಾನು ಬರೆಯಲು ಕೂರುವ ದಿನ ಕರೆಯುವ ಕೆಲಸ ಅವರದು. ಅಡುಗೆಮನೆಯ ಒಲೆ ಆರಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿಯೇ ನಾನು ಈಗ ಕೂರುವುದು.